ದಡದಲ್ಲಿ ನಿಂತವರ ಅಭಿಪ್ರಾಯ



ವಕೀಲರ ಕಚೇರಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ಈಗೀಗ ಹಳ್ಳಿಯ ರಾಜಿ ಪಂಚಾಯ್ತಿಯಲ್ಲೂ ಒಂದು ಇಂಗ್ಲಿಷ್ ಜೋಡಿ ಮಾತು ನಮ್ಮ ಕಿವಿಗೆ ಬೀಳುತ್ತಿದೆ. ‘ಅನ್‌ಬಯಾಸ್ಡ್ ಒಪೀನಿಯನ್’. ಕನ್ನಡದಲ್ಲಿ ಹೇಳುವುದಾದರೆ ನಿಷ್ಪಕ್ಷಪಾತ ಅಭಿಪ್ರಾಯ. ಏಟು ತಿಂದು ಬಂದ ಒಬ್ಬ ಹೆಣ್ಣುಮಗಳ ಜೊತೆಗೆ ಸಂಘದ ನಾಲ್ಕು ಜನ ಹೋಗಿ ಕುಳಿತರೆ ಸಾಕು, ಗಂಡಿನ ಕಡೆಯಿಂದ ಒಬ್ಬರು ಎದ್ದು ನಿಲ್ಲುತ್ತಾರೆ. “ನೀವು ಮಹಿಳಾ ಸಂಘದವರು, ಹೆಣ್ಣಿನ ಪರವಾಗಿಯೇ ಮಾತಾಡ್ತೀರಿ. ನಮಗೆ ಬೇಕಾಗಿರೋದು ಅನ್‌ಬಯಾಸ್ಡ್ ಒಪೀನಿಯನ್” ಎನ್ನುತ್ತಾರೆ. ಅಲ್ಲಿಗೆ ನಮ್ಮವರ ಬಾಯಿ ಕಟ್ಟಿಹೋಗುತ್ತದೆ. ಇಂಗ್ಲಿಷ್ ಮಾತು ಬೇರೆ, ನ್ಯಾಯದ ಮಾತು ಬೇರೆ. ಅದಕ್ಕೆ ಎದುರಾಡುವುದು ಹೇಗೆ?

ಈ ಸಂಚಿಕೆಯಲ್ಲಿ ನಾನು ಆ ಮಾತನ್ನೇ ಬಿಚ್ಚಿ ನೋಡಬೇಕೆಂದಿದ್ದೇನೆ. ನಮ್ಮನ್ನು ಸುಮ್ಮನಾಗಿಸಲು ಬಳಸುವ ಮಾತಿನ ಒಳಗೆ ಏನಿದೆ ಎಂದು ನಾವು ತಿಳಿದಿರಬೇಕು.

‘ಬಯಾಸ್’ ಎಂದರೆ ಮೂಲದಲ್ಲಿ ಓರೆ. ಇಂಗ್ಲಿಷಿನವರು ಬಟ್ಟೆಯನ್ನು ನೂಲಿನ ನೇರಕ್ಕೆ ಕತ್ತರಿಸದೆ ಓರೆಯಾಗಿ ಕತ್ತರಿಸುವುದಕ್ಕೂ ಇದೇ ಪದ ಬಳಸುತ್ತಾರೆ. ಟೈಲರಿಂಗ್ ಕಲಿತ ಗೆಳತಿಯರಿಗೆ ಇದು ಬೇಗ ತಿಳಿಯುತ್ತದೆ. ರವಿಕೆಯ ಕತ್ತಿಗೆ ಇಡಲು ನಾವು ಕತ್ತರಿಸಿಕೊಳ್ಳುವ ಕ್ರಾಸ್ ಪಟ್ಟಿ ಅದು. ನೇರಕ್ಕೆ ಕತ್ತರಿಸಿದ ಪಟ್ಟಿ ಬಾಗುವುದಿಲ್ಲ, ಕ್ರಾಸ್ ಪಟ್ಟಿ ಎಳೆದ ಕಡೆಗೆ ಬಾಗುತ್ತದೆ. ಇನ್ನು ‘ಒಪೀನಿಯನ್’ ಎಂದರೆ ಒಬ್ಬ ಮನುಷ್ಯನ ಅಭಿಪ್ರಾಯ. ಮನುಷ್ಯನೆಂದ ಮೇಲೆ ಅವನು ಎಲ್ಲೋ ಒಂದು ಕಡೆ ನಿಂತೇ ನೋಡುತ್ತಾನೆ. ಅವನಿಗೂ ಮನೆಯಿದೆ, ಜಾತಿಯಿದೆ, ಮಗನೋ ಮಗಳೋ ಇದ್ದಾರೆ, ಕೊಟ್ಟ ವರದಕ್ಷಿಣೆಯೋ ತೆಗೆದುಕೊಂಡ ವರದಕ್ಷಿಣೆಯೋ ಇದೆ. ಆದ್ದರಿಂದ “ನನ್ನದು ಅನ್‌ಬಯಾಸ್ಡ್” ಎಂದು ಯಾರಾದರೂ ಹೇಳಿಕೊಂಡಾಗ, ಆ ಅಭಿಪ್ರಾಯಕ್ಕೆ ಅವರು ಹೇಗೆ ಬಂದರು ಎಂದು ಕೇಳುವ ಹಕ್ಕು ನಮಗಿದೆ.

ನಮ್ಮ ಕನ್ನಡದಲ್ಲಿ ಇದಕ್ಕೆ ಹತ್ತಿರದ ಮೂರು ಪದಗಳಿವೆ. ತಟಸ್ಥ, ಮಧ್ಯಸ್ಥ, ನಿಷ್ಪಕ್ಷಪಾತಿ. ದಿನದ ಮಾತಿನಲ್ಲಿ ಮೂರನ್ನೂ ಒಂದೇ ಎಂಬಂತೆ ಬಳಸುತ್ತೇವೆ, ಆದರೆ ಅವು ಬೇರೆ ಬೇರೆ. ತಟ ಎಂದರೆ ದಡ. ತಟಸ್ಥ ಎಂದರೆ ದಡದಲ್ಲಿ ನಿಂತವನು. ಹೊಳೆಯಲ್ಲಿ ಒಬ್ಬಳು ಮುಳುಗುತ್ತಿದ್ದಾಳೆ, ಇವನು ದಡದಲ್ಲಿ ನಿಂತು ನೋಡುತ್ತಿದ್ದಾನೆ. ಅವನು ಅವಳನ್ನು ನೂಕಿಲ್ಲ ನಿಜ, ಕೈಯನ್ನೂ ಕೊಟ್ಟಿಲ್ಲ. ಮಧ್ಯಸ್ಥ ಎಂದರೆ ಇಬ್ಬರ ನಡುವೆ ನಿಂತವನು. ಅವನು ಎಷ್ಟು ಸರಿಯಾಗಿ ನಡುವೆ ನಿಂತಿದ್ದಾನೆ ಎಂಬುದು ಆ ಇಬ್ಬರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ನಿಷ್ಪಕ್ಷಪಾತ ಎಂದರೆ ಒಂದು ಪಕ್ಷಕ್ಕೆ ವಾಲದೆ ಇರುವುದು. ನೆನಪಿಡಿ, ವಾಲದೆ ಇರುವುದು ಬೇರೆ, ತೀರ್ಮಾನವನ್ನೇ ಹೇಳದೆ ಇರುವುದು ಬೇರೆ. ವಿಚಾರಣೆ ಮಾಡಿ, ಎರಡೂ ಕಡೆ ಕೇಳಿ, ಗಾಯ ನೋಡಿ, ಕೊನೆಗೆ “ತಪ್ಪು ಇವನದು” ಎಂದು ಹೇಳುವವಳು ನಿಷ್ಪಕ್ಷಪಾತಿಯೇ. ಏನನ್ನೂ ವಿಚಾರಿಸದೆ “ತಪ್ಪು ಇಬ್ಬರದೂ ಇದೆ” ಎನ್ನುವವನು ದಡದಲ್ಲಿ ನಿಂತವನು ಅಷ್ಟೆ.

ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದ ಒಂದು ರಾಜಿ ಪಂಚಾಯ್ತಿಯ ವಿಷಯ ಹೇಳುತ್ತೇನೆ. ಮದುವೆಯಾಗಿ ಎರಡು ವರ್ಷ. ಗಂಡನಿಗೆ ಅಂಗಡಿ ಇಡಲು ಎರಡು ಲಕ್ಷ ತರಬೇಕೆಂದು ಒತ್ತಾಯ. ಹುಡುಗಿಯ ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು. ಮೆಟ್ಟಿಲಿನಿಂದ ಜಾರಿ ಬಿದ್ದಳೆಂದು ಅತ್ತೆ ಹೇಳಿದರು. ನಡುವೆ ಕುಳಿತ ಹಿರಿಯರು ಊರಿನಲ್ಲಿ ಒಳ್ಳೆಯ ಹೆಸರು ಪಡೆದವರು. “ನನಗೆ ಎರಡೂ ಮನೆಯವರು ಬೇಕಾದವರು, ನಾನು ಯಾರ ಪರವೂ ಅಲ್ಲ” ಎಂದೇ ಅವರು ಮಾತು ಶುರು ಮಾಡಿದ್ದು. ಎರಡು ಗಂಟೆ ಮಾತಾಯಿತು. ಹುಡುಗಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅವಳನ್ನು ಕರೆದು ಒಂದು ಮಾತು ಕೇಳಲಿಲ್ಲ. ಕೊನೆಗೆ ಛಾಪಾ ಕಾಗದದ ಮೇಲೆ ತೀರ್ಮಾನ ಬರೆಸಿದರು. ಅವನು ಹೊಡೆಯಬಾರದು, ಅವಳು ಎದುರು ಮಾತಾಡಬಾರದು. ಅವರು ಎರಡು ಲಕ್ಷ ಕೇಳಬಾರದು, ಇವರು ಒಂದು ಲಕ್ಷ ಕೊಡಬೇಕು.

ಅರ್ಧಕ್ಕರ್ಧ! ಯಾರಿಗೂ ಅನ್ಯಾಯವಾಗಲಿಲ್ಲ ಎಂಬ ತೃಪ್ತಿ ಹಿರಿಯರ ಮುಖದಲ್ಲಿತ್ತು. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿದೆ. ಅದರ 4ನೇ ಕಲಮಿನ ಪ್ರಕಾರ ವರದಕ್ಷಿಣೆ ಕೇಳುವುದೇ ಅಪರಾಧ, ಅದಕ್ಕೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸವಿದೆ ಎಂದು ನಾನು ಹೇಳಿದೆ. “ಮೇಡಂ, ನೀವು ಒಂದು ಕಡೆಯವರು” ಎಂಬ ಉತ್ತರ ಬಂತು. ಅಪರಾಧಕ್ಕೂ ನಿರಪರಾಧಕ್ಕೂ ನಡುವೆ ಗೆರೆ ಎಳೆದರೆ ಸಿಗುವುದು ಅರ್ಧ ಅಪರಾಧ. ಅದಕ್ಕೆ ಸಾಕ್ಷಿ ಹಾಕಿ ಸಹಿ ಮಾಡಿದವರೆಲ್ಲ ನಿಷ್ಪಕ್ಷಪಾತಿಗಳು! ಒಂದು ಲಕ್ಷ ಸಂದಾಯವಾಯಿತು. ಉಳಿದ ಒಂದು ಲಕ್ಷದ ಬೇಡಿಕೆ ಮೂರೇ ತಿಂಗಳಲ್ಲಿ ಮತ್ತೆ ಎದ್ದು ಬಂತು.

ಇಂಥ ಹಿರಿಯರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರ ಅಭಿಪ್ರಾಯ ಅವರು ಪಂಚಾಯ್ತಿಗೆ ಬರುವ ಮೊದಲೇ ಸಿದ್ಧವಾಗಿರುತ್ತದೆ, ಅದೇ ತೊಂದರೆ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆ, ‘ಎರಡು ಕೈ ಸೇರಿದರೇ ಚಪ್ಪಾಳೆ’ ಎಂಬ ಮಾತು ಅವರ ಜೊತೆಯಲ್ಲೇ ಬರುತ್ತವೆ. ಚಪ್ಪಾಳೆಗೆ ಎರಡು ಕೈ ಬೇಕು, ಸರಿ. ಕೆನ್ನೆಗೆ ಬೀಳುವ ಏಟಿಗೆ ಒಂದೇ ಕೈ ಸಾಕಲ್ಲವೇ?

ಇದು ನನ್ನೊಬ್ಬಳ ಊಹೆಯಲ್ಲ. 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹೇಳದೆ ಹೊರಗೆ ಹೋದದ್ದು, ಅಡುಗೆ ಸರಿ ಮಾಡದ್ದು, ಎದುರು ವಾದಿಸಿದ್ದು, ಅತ್ತೆ ಮಾವಂದಿರಿಗೆ ಗೌರವ ಕೊಡದ್ದು ಮುಂತಾದ ಏಳು ಕಾರಣಗಳನ್ನು ಹೇಳಿ, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೊಡೆಯುವುದು ಸರಿಯೇ ಎಂದು ಕೇಳಿದರು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 82 ಗಂಡಸರು ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದರು. ಹೆಂಗಸರಲ್ಲಿ ಕೂಡ ನೂರಕ್ಕೆ ಸುಮಾರು 77 ಜನ ಹಾಗೆಯೇ ಹೇಳಿದರು. ಅದೇ ಸಮೀಕ್ಷೆಯಲ್ಲಿ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ತಿಳಿಸಿದರು. ಹಾಗಾದರೆ ಯೋಚಿಸಿ. ಪಂಚಾಯ್ತಿಯಲ್ಲಿ ಐವರು ಕುಳಿತರೆ ಅವರಲ್ಲಿ ನಾಲ್ವರು, ಸಕಾರಣವಾಗಿ ಹೊಡೆಯಬಹುದು ಎಂಬ ಅಭಿಪ್ರಾಯ ಇಟ್ಟುಕೊಂಡೇ ಕುಳಿತಿರುತ್ತಾರೆ. ಅವರ ಮುಂದೆ ಹೆಂಡತಿ ತನಗೆ ಬಿದ್ದ ಏಟಿನ ಲೆಕ್ಕ ಕೊಡುವ ಬದಲು ಏಟಿಗೆ ಕಾರಣ ತಾನಲ್ಲ ಎಂದು ಸಮಜಾಯಿಷಿ ಕೊಡಬೇಕಾಗುತ್ತದೆ. ಬಟ್ಟೆಯನ್ನೇ ಓರೆಯಾಗಿ ಕತ್ತರಿಸಿಟ್ಟು ಹೊಲಿಗೆ ನೇರವಾಗಿದೆ ಎಂದರೆ ಒಪ್ಪುವುದು ಹೇಗೆ?

ಸಂತೆಯಲ್ಲಿ ಕಾಯಿಪಲ್ಲೆ ಮಾರುವ ನಮ್ಮ ಗೆಳತಿಯರು ತಕ್ಕಡಿ ಎತ್ತಿದಾಗ ಮೊದಲು ಏನು ನೋಡುತ್ತಾರೆ? ಖಾಲಿ ತಟ್ಟೆಗಳು ಸಮ ಇವೆಯೇ ಎಂದು. ಒಂದು ತಟ್ಟೆ ಕೆಳಗಿದ್ದರೆ ಇನ್ನೊಂದಕ್ಕೆ ಒಂದು ಸಣ್ಣ ಕಲ್ಲು ಕಟ್ಟಿ ಸಮ ಮಾಡಿಕೊಂಡು ಆಮೇಲೆ ತೂಗುತ್ತಾರೆ. ಆ ಕಲ್ಲು ಮೋಸದ ಕಲ್ಲಲ್ಲ, ನ್ಯಾಯದ ಕಲ್ಲು. ಮಹಿಳಾ ಚಳವಳಿ ಬೀದಿಗಿಳಿದು ಕಾನೂನಿನ ತಕ್ಕಡಿಗೆ ಅಂಥ ಕಲ್ಲನ್ನು ಕಟ್ಟಿಸಿತು. 1983ರಲ್ಲಿ ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯವನ್ನು ಅಪರಾಧವೆನ್ನುವ 498ಎ ಕಲಮು ಬಂತು. 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಬಂತು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಸುಟ್ಟು, ಗಾಯಗೊಂಡು ಅಥವಾ ಅಸಹಜವಾಗಿ ಸತ್ತು, ಸಾಯುವುದಕ್ಕೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಅವಳನ್ನು ಹಿಂಸಿಸಿದ್ದು ತೋರಿಬಂದರೆ, ಸಾವಿಗೆ ಅವರೇ ಕಾರಣರೆಂದು ನ್ಯಾಯಾಲಯ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಅವರದು. ನಾಲ್ಕು ಗೋಡೆಗಳ ಒಳಗೆ ನಡೆದದ್ದಕ್ಕೆ ಸತ್ತವಳು ಬಂದು ಸಾಕ್ಷಿ ಹೇಳಲಾರಳು ಎಂಬ ತಿಳಿವಳಿಕೆಯಿಂದ ಹುಟ್ಟಿದ ಕಾನೂನು ಇದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. 498ಎ ಈಗ 85 ಮತ್ತು 86ನೇ ಕಲಮುಗಳಾಗಿದೆ, 304ಬಿ ಈಗ 80ನೇ ಕಲಮು. ಸಂಖ್ಯೆ ಬದಲಾದರೂ ಕಲ್ಲು ತಕ್ಕಡಿಯಲ್ಲೇ ಇದೆ.

ಆದರೆ ಕಾನೂನಿನ ಮುಂದೆ ಹೋಗುವ ಮೊದಲೇ ಯಾರದೋ ಒಂದು ‘ಅಭಿಪ್ರಾಯ’ ಕಾಗದಕ್ಕೆ ಬಿದ್ದಿರುತ್ತದೆ. ಬೆಂಗಳೂರಿನ ವಿಮೋಚನಾ ಸಂಘಟನೆ ಪೊಲೀಸ್ ದಾಖಲೆಗಳಿಂದ ಒಟ್ಟುಗೂಡಿಸಿದ ಲೆಕ್ಕ ನೋಡಿ. 1997, 1998 ಮತ್ತು 1999ರ ಜುಲೈ ಮಧ್ಯದವರೆಗೆ ಆ ಒಂದೇ ನಗರದಲ್ಲಿ ಹೆಂಗಸರ ಅಸಹಜ ಸಾವುಗಳು 1,133. ಅವುಗಳಲ್ಲಿ ಕೊಲೆ ಎಂದು ಪರಿಗಣಿಸಿದ್ದು 157. ಆತ್ಮಹತ್ಯೆ ಎಂದದ್ದು 546. ಅಪಘಾತ ಎಂದದ್ದು 430. ಸ್ಟೌ ಸಿಡಿಯಿತು, ಹಾಲು ಕಾಯಿಸುವಾಗ ಸೆರಗಿಗೆ ಬೆಂಕಿ ಹತ್ತಿತು ಎಂಬ ಮಾತುಗಳು ಆ ಕಾಲದಲ್ಲಿ ನಮಗೆಲ್ಲ ಬಾಯಿಪಾಠವಾಗಿದ್ದವು. ಅತ್ತೆಗೆ ಸಿಡಿಯದ ಸ್ಟೌ, ನಾದಿನಿಗೆ ಸಿಡಿಯದ ಸ್ಟೌ, ಸೊಸೆಗೇ ಏಕೆ ಸಿಡಿಯುತ್ತದೆ ಎಂದು ಅಂದು ಕೇಳಿದವರನ್ನೂ ‘ಪಕ್ಷಪಾತಿಗಳು’ ಎಂದೇ ಕರೆದರು. ಕೇಳದೆ ಬರೆದುಕೊಂಡವರು ಮಾತ್ರ ನಿಷ್ಪಕ್ಷಪಾತಿಗಳಾಗಿ ಉಳಿದರು.

ದಡ ಬಿಟ್ಟು ನೀರಿಗಿಳಿದ ನೆರೆಹೊರೆಯವರೂ ಇದ್ದಾರೆ. 1980ರ ಡಿಸೆಂಬರ್ 1ರ ರಾತ್ರಿ ದೆಹಲಿಯಲ್ಲಿ ತುಂಬು ಗರ್ಭಿಣಿಯಾಗಿದ್ದ ಸುಧಾ ಗೋಯಲ್ ಬೆಂಕಿಗೆ ಸಿಕ್ಕಿದರು, ಬದುಕಿ ಉಳಿಯಲಿಲ್ಲ. ಕೂಗು ಕೇಳಿ ಅಕ್ಕಪಕ್ಕದವರು ಓಡಿಬಂದರು. ಸೀಮೆಎಣ್ಣೆ ಸುರಿದವರು ಯಾರು, ಬೆಂಕಿ ಇಟ್ಟವರು ಯಾರು ಎಂದು ಆಕೆ ಹೇಳಿದ್ದನ್ನು ಅವರು ಕೇಳಿಸಿಕೊಂಡರು. “ಅವರ ಮನೆಯ ವಿಷಯ ನಮಗ್ಯಾಕೆ” ಎನ್ನದೆ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. 1983ರಲ್ಲಿ ಕೆಳಗಿನ ನ್ಯಾಯಾಲಯ ಶಿಕ್ಷೆ ವಿಧಿಸಿತು. ಅದೇ ವರ್ಷ ದೆಹಲಿ ಹೈಕೋರ್ಟ್ ಎಲ್ಲರನ್ನೂ ಬಿಡುಗಡೆ ಮಾಡಿತು. ಮಹಿಳಾ ಸಂಘಟನೆಗಳು ಬೀದಿಗೆ ಬಂದವು. 1985ರಲ್ಲಿ ಸುಪ್ರೀಂ ಕೋರ್ಟ್ ನೆರೆಯವರ ಸಾಕ್ಷ್ಯವನ್ನು ನಂಬಿ ಗಂಡನಿಗೂ ಅತ್ತೆಗೂ ಜೀವಾವಧಿ ಶಿಕ್ಷೆ ನೀಡಿತು. ಆ ನೆರೆಯವರು ಸುಧಾಳ ಬಂಧುಗಳಲ್ಲ, ಯಾವ ಸಂಘದ ಸದಸ್ಯರೂ ಅಲ್ಲ. ಕಂಡದ್ದನ್ನು ಕಂಡಂತೆ ಹೇಳಿದರು. ನಿಷ್ಪಕ್ಷಪಾತ ಎಂದರೆ ಅದು.

ರಾಜಿ ಮಾಡಿಸುವವರು ಹೇಗಿರಬೇಕೆಂದು ನಮ್ಮ ಕಾನೂನೇ ಹೇಳಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ ನಿಯಮಗಳ 13 ಮತ್ತು 14ನೇ ನಿಯಮವನ್ನು ಸಂಘದಲ್ಲಿ ಯಾರಿಂದಲಾದರೂ ಓದಿಸಿ ಕೇಳಿ. ವಿವಾದದಲ್ಲಿ ಆಸಕ್ತಿ ಇರುವವರು, ಎರಡು ಕಡೆಯವರಲ್ಲಿ ಯಾರಿಗಾದರೂ ಸಂಬಂಧಿಕರಾದವರು ಸಮಾಲೋಚಕರಾಗಬಾರದು, ಎಲ್ಲರೂ ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ ಆ ಮಾತು ಬೇರೆ. ಆದಷ್ಟೂ ಹೆಂಗಸರನ್ನೇ ಸಮಾಲೋಚಕರನ್ನಾಗಿ ನೇಮಿಸಬೇಕು. ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಹಿಂಸೆಗೆ ಸಮರ್ಥನೆ ಕೊಡಲು ಅಲ್ಲಿ ಅವಕಾಶವೇ ಇಲ್ಲ, ಅದನ್ನು ಮಾತುಕತೆ ಶುರುವಾಗುವ ಮೊದಲೇ ಎದುರಾಳಿಗೆ ತಿಳಿಸಬೇಕು. “ಅವಳು ಎದುರು ಮಾತಾಡಿದಳು, ಅದಕ್ಕೇ ಹೊಡೆದೆ” ಎಂಬ ಮಾತು ಆ ಕೋಣೆಯೊಳಗೆ ಬರುವಂತಿಲ್ಲ. “ಇಬ್ಬರದೂ ತಪ್ಪಿದೆ” ಎಂಬ ತೀರ್ಪಿನ ಬೇರನ್ನೇ ಕಾನೂನು ಕತ್ತರಿಸಿದೆ. ನಮ್ಮನ್ನು ‘ಬಯಾಸ್ಡ್’ ಎನ್ನುವವರಿಗೆ ಈ ನಿಯಮವನ್ನು ತೋರಿಸಿ.

ನ್ಯಾಯಾಲಯಗಳೂ ಈ ಪ್ರಶ್ನೆಯಲ್ಲಿ ಹಿಂದೆ ಮುಂದೆ ಆಗಿವೆ. 2017ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ, 498ಎ ದೂರುಗಳನ್ನು ಮೊದಲು ಜಿಲ್ಲೆಯ ಕುಟುಂಬ ಕಲ್ಯಾಣ ಸಮಿತಿಗಳು ನೋಡಿ ವರದಿ ಕೊಡಬೇಕು, ಅಲ್ಲಿಯವರೆಗೆ ಸಾಮಾನ್ಯವಾಗಿ ಬಂಧನ ಬೇಡ ಎಂದಿತು. 2018ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠ, ಇಂಥ ಸಮಿತಿಗಳಿಗೆ ಕಾನೂನಿನ ಆಧಾರವಿಲ್ಲ ಎಂದು ಅವುಗಳನ್ನು ತೆಗೆದುಹಾಕಿತು. 2025ರ ಜುಲೈಯಲ್ಲಿ ಮತ್ತೊಂದು ಪ್ರಕರಣದಲ್ಲಿ, ಅಲಹಾಬಾದ್ ಹೈಕೋರ್ಟ್ 2022ರಲ್ಲಿ ಹಾಕಿದ್ದ ಸಮಿತಿ ಮತ್ತು ಎರಡು ತಿಂಗಳು ಕಾಯುವ ಅವಧಿಯ ಮಾರ್ಗಸೂಚಿ ಜಾರಿಯಲ್ಲಿರಲಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹೊರಗಿನ ನಾಲ್ಕು ಜನರ ಅಭಿಪ್ರಾಯಕ್ಕಾಗಿ ಎರಡು ತಿಂಗಳು ಕಾಯುವುದು ಕಾಗದದ ಮೇಲೆ ಸಣ್ಣ ಮಾತು. ಏಟು ತಿನ್ನುವ ಮನೆಯಲ್ಲಿ ಎರಡು ತಿಂಗಳೆಂದರೆ ಅರವತ್ತು ರಾತ್ರಿಗಳು.

ಹಾಗೆಂದು ಹೆಣ್ಣು ಹೇಳಿದ್ದೆಲ್ಲವನ್ನೂ ವಿಚಾರಿಸದೆ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಬೇರೆ ಊರಿನಲ್ಲಿರುವ ನಾದಿನಿಯನ್ನು, ಏನೂ ಮಾಡದ ಮೈದುನನನ್ನು ದೂರಿನಲ್ಲಿ ಸೇರಿಸಿದರೆ ನಿಜವಾಗಿ ಹೊಡೆದವನ ಮೇಲಿನ ದೂರೂ ಸಡಿಲವಾಗುತ್ತದೆ. ಯಾರು, ಯಾವ ದಿನ, ಏನು ಮಾಡಿದರು ಎಂದು ಒಂದೊಂದಾಗಿ ಕೇಳಿ ಬರೆಸುವುದು ಹೆಣ್ಣಿನ ಮೇಲೆ ಅಪನಂಬಿಕೆಯಲ್ಲ, ಅವಳ ಕೈ ಬಲಪಡಿಸುವ ಕೆಲಸ.

ಈಗ ನಮ್ಮ ಸಂಘಗಳ ಕಡೆಗೆ ಬರೋಣ. ಇಲ್ಲಿಯೂ ದಡಗಳಿವೆ. ಒಂದೇ ಸಂಘದಲ್ಲಿ ಅತ್ತೆಯೂ ಇರುತ್ತಾಳೆ, ಸೊಸೆಯೂ ಇರುತ್ತಾಳೆ. ಅತ್ತೆಯೇ ಪ್ರತಿನಿಧಿಯಾಗಿದ್ದರೆ ಸೊಸೆ ಬಾಯಿ ಬಿಡುವುದು ಯಾರ ಮುಂದೆ? “ನಮ್ಮ ಸಂಘ ಉಳಿತಾಯಕ್ಕೆ, ಸಾಲಕ್ಕೆ ಮಾತ್ರ, ಮನೆ ವಿಷಯ ಬೇಡ” ಎಂದು ಹಲವು ಕಡೆ ಹೇಳುವುದನ್ನು ಕೇಳಿದ್ದೇನೆ. ಆದರೆ ವರದಕ್ಷಿಣೆ ಸಂಘದ ಲೆಕ್ಕದ ಪುಸ್ತಕದೊಳಗೇ ಬಂದು ಕುಳಿತಿದೆ. ಹಸು ಕೊಳ್ಳಲು ಎಂದು ಬರೆಸಿದ ಸಾಲ ಅಳಿಯನ ಬೈಕಿಗೆ ಹೋಗುತ್ತದೆ. ಗಂಡ ಹೊಡೆದು ಕಳಿಸಿದ್ದರಿಂದ ಅರ್ಜಿ ಹಾಕಿದ ಸಾಲಕ್ಕೆ ನಾವು ಸಹಿ ಹಾಕುತ್ತೇವೆ, ಕಂತು ತಪ್ಪಿದಾಗ ಅವಳ ಮನೆ ಬಾಗಿಲಿಗೂ ನಾವೇ ಹೋಗುತ್ತೇವೆ. ಮನೆ ವಿಷಯ ಬೇಡ ಎಂದು ನಾವು ಇನ್ನು ಹೇಳುವಂತಿಲ್ಲ.

ನಾರಿ ಅದಾಲತ್‌ಗಳ ದಾರಿ ನಮಗೆ ಗೊತ್ತಿದೆ. ಮಹಿಳಾ ಸಮಖ್ಯಾ ಕಾರ್ಯಕ್ರಮ 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರಪ್ರದೇಶಗಳಲ್ಲಿ ಶುರುವಾಯಿತು. ಅದರ ಸಂಘಗಳಿಂದ 1990ರ ದಶಕದಲ್ಲಿ ಗುಜರಾತಿನಲ್ಲಿ ನಾರಿ ಅದಾಲತ್‌ಗಳು ಹುಟ್ಟಿದವು. ಓದು ಬಾರದ ಹೆಂಗಸರೂ ಅಲ್ಲಿ ಕುಳಿತು ವಿಚಾರಣೆ ನಡೆಸಿದರು. ಎರಡೂ ಕಡೆಯವರನ್ನು ಕರೆಸಿ, ಎಲ್ಲರ ಎದುರಿಗೆ ಮಾತಾಡಿಸಿ, ತೀರ್ಮಾನ ಹೇಳಿದರು. ಎಲ್ಲರ ಮಾತನ್ನೂ ಕೇಳಿದರು, ಆದರೆ ಹಿಂಸೆ ತಪ್ಪು ಎಂಬಲ್ಲಿ ಚೌಕಾಸಿಗೆ ಜಾಗ ಕೊಡಲಿಲ್ಲ.

ನಮ್ಮ ಸಂಘಗಳೂ ಹೀಗೆ ಮಾಡಬಹುದು. ದೂರು ಬಂದರೆ ಮೊದಲು ಅವಳನ್ನು ಒಬ್ಬಳನ್ನೇ ಕೂರಿಸಿ, ಗಂಡನ ಮನೆಯವರಾಗಲಿ ತವರಿನವರಾಗಲಿ ಎದುರಿಗಿಲ್ಲದಂತೆ ಕೇಳಿ. ಅವಳಿಗೆ ಏನು ಬೇಕು ಎಂಬುದು ಅವಳ ಬಾಯಿಂದಲೇ ಬರಲಿ. ಎರಡೂ ಮನೆಗೆ ಸಂಬಂಧಪಟ್ಟ ಸದಸ್ಯೆ ಆ ದಿನದ ಸಭೆಯಿಂದ ಎದ್ದು ಹೊರಗಿರಲಿ, ಅವಳು ಪ್ರತಿನಿಧಿಯಾಗಿದ್ದರೂ ಸರಿ. ಗಾಯವಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ, ಆಮೇಲೆ ಮಾತುಕತೆ. ವೈದ್ಯರ ಹತ್ತಿರ “ಜಾರಿ ಬಿದ್ದೆ” ಎನ್ನದೆ ನಡೆದದ್ದನ್ನು ಹೇಳಲು ಅವಳಿಗೆ ಧೈರ್ಯ ಕೊಡಿ. ಗಂಡಿನ ಕಡೆಯ ಮಾತನ್ನೂ ಕೇಳಿ ಬರೆದುಕೊಳ್ಳಿ. ವರದಕ್ಷಿಣೆಯ ಮೊತ್ತದ ಬಗ್ಗೆ ಚೌಕಾಸಿ ಶುರುವಾದರೆ ಅಲ್ಲಿಗೆ ರಾಜಿ ನಿಲ್ಲಿಸಿ, ರಕ್ಷಣಾಧಿಕಾರಿಗಳ ಬಳಿ ಕೌಟುಂಬಿಕ ಘಟನಾ ವರದಿ ಬರೆಸಿ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಆ ಕೆಲಸ ನೋಡುತ್ತಾರೆ. ತುರ್ತಿಗೆ 181ಕ್ಕೆ ಫೋನ್ ಮಾಡಿ.

ಕೈಮೀರಿ ಸಾವೇ ಸಂಭವಿಸಿದ್ದರೆ, ಮದುವೆಯಾಗಿ ಏಳು ವರ್ಷ ತುಂಬಿಲ್ಲವಾದರೆ, ತಹಶೀಲ್ದಾರರಂಥ ದಂಡಾಧಿಕಾರಿ ಬಂದು ಶವದ ಪಂಚನಾಮೆ ಮಾಡಬೇಕು. ಪಂಚರಾಗಿ ಗಂಡನ ಮನೆಯ ಆಪ್ತರೇ ಸಹಿ ಹಾಕಿ ಮುಗಿಸದಂತೆ ಅಲ್ಲಿ ನಿಂತು ನೋಡಿ, ಮುಂದೆ ಬನ್ನಿ.

ಇನ್ನು ಮುಂದೆ ಯಾರಾದರೂ “ಅನ್‌ಬಯಾಸ್ಡ್ ಒಪೀನಿಯನ್ ಬೇಕು” ಎಂದರೆ ಎದ್ದು ಹೋಗಬೇಡಿ, ಕುಳಿತುಕೊಳ್ಳಿ. ನಮಗೂ ಅದೇ ಬೇಕು ಎನ್ನಿ. ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳಿದಿರಾ, ಗಾಯ ನೋಡಿದಿರಾ, ನೆರೆಯವರನ್ನು ವಿಚಾರಿಸಿದಿರಾ, ನಿಮಗೂ ಈ ಮನೆಗೂ ಸಂಬಂಧವೇನು ಎಂದು ಅಭಿಪ್ರಾಯ ಹೇಳಲು ಬಂದವರನ್ನು ಒಂದೊಂದಾಗಿ ಕೇಳಿ. ನಾಲ್ಕಕ್ಕೂ ಉತ್ತರ ಕೊಟ್ಟವರ ಜೊತೆ ಮಾತು ಮುಂದುವರಿಸಿ. ಈ ಬರಹವನ್ನು ನಿಮ್ಮ ಮುಂದಿನ ವಾರದ ಸಭೆಯಲ್ಲಿ ಓದು ಬರುವ ಒಬ್ಬರು ಗಟ್ಟಿಯಾಗಿ ಓದಲಿ. ನಿಮ್ಮ ಊರಿನಲ್ಲಿ ಮಧ್ಯಸ್ಥಿಕೆ ವಹಿಸುವವರು ಯಾರು, ಅವರು ಹೆಣ್ಣನ್ನು ಕರೆದು ಕೇಳುತ್ತಾರೆಯೇ ಎಂಬುದನ್ನು ಚರ್ಚಿಸಿ ನಮಗೆ ಬರೆಯಿರಿ. ಹೆಸರುಗಳು ಬೇಡ, ನಡೆದದ್ದು ಸಾಕು. ಮುಂದಿನ ಸಂಚಿಕೆಯ ಪುಟಗಳು ಆ ಪತ್ರಗಳಿಗೆ ಮೀಸಲು.